1994ಕ್ಕೆ ನಿಂತ ಪಟ್ಟಿ: ಫ್ರೀಬಿಎಸ್‌ಡಿ ಹುಟ್ಟುಹಬ್ಬದ ಹಿಂದಿನ ಒಂದು ಪ್ರಕರಣ

ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿರುವ ಕಂಪ್ಯೂಟರ್ ಆನ್ ಮಾಡಿದರೆ, ಸಿಸ್ಟಮಿನ ತಿರುಳಾದ ಕರ್ನಲ್ ಪರದೆಯ ಮೇಲೆ ಬರೆಯುವ ಮೊದಲ ಸಾಲುಗಳಲ್ಲೇ ಇಸವಿಗಳ ಒಂದು ಪಟ್ಟಿ ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕಾಪಿರೈಟ್ ಸಾಲು ಅದು. 1979, 1980, 1983, 1986, 1988, 1989, 1991, 1992, 1993, 1994. ಅಲ್ಲಿಗೆ ಮುಗಿಯಿತು. ಅದರ ಮೇಲಿನ ಸಾಲಿನಲ್ಲಿ ಫ್ರೀಬಿಎಸ್‌ಡಿ ಪ್ರಾಜೆಕ್ಟಿನ ಹೆಸರಿದೆ. ಅಲ್ಲಿನ ಇಸವಿ ಮಾತ್ರ ಮುಂದೆ ಹೋಗುತ್ತಲೇ ಇದೆ.

ಈ ಸಾಲುಗಳನ್ನು ಓದುವವರು ಕಡಿಮೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೇಲಕ್ಕೆ ಸರಿದು ಹೋಗುತ್ತವೆ. ಒಂದು ಸಲ ನಿಲ್ಲಿಸಿ ಓದಿದೆ. ವಿಶ್ವವಿದ್ಯಾಲಯದ ಪಟ್ಟಿ 1994ಕ್ಕೇ ಯಾಕೆ ನಿಂತಿತು ಅನ್ನುವ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಅದರ ಬೆನ್ನು ಹತ್ತಿದಾಗ ಸಿಕ್ಕ ಕಥೆಯೇ ಈ ಪ್ರಕರಣ.

ಜೂನ್ 19 ಫ್ರೀಬಿಎಸ್‌ಡಿಯ ಹುಟ್ಟುಹಬ್ಬ. 1993ರ ಆ ದಿನ ಈ ಹೆಸರು ಹುಟ್ಟಿತು. 2023ಕ್ಕೆ 30 ವರ್ಷ ತುಂಬಿತು. ಒಂದು ಆಪರೇಟಿಂಗ್ ಸಿಸ್ಟಮ್ ಇಷ್ಟು ಕಾಲ ಬಾಳುವುದು ಸಣ್ಣ ಮಾತಲ್ಲ. ಅದರಲ್ಲೂ ಯಾವುದೇ ಒಂದು ಕಂಪನಿಯ ಸ್ವತ್ತಲ್ಲದ, ಊರೂರಲ್ಲಿ ಕೂತ ಜನ ಸೇರಿ ನಡೆಸುವ ಸಿಸ್ಟಮ್ ಇದು. ಆದರೆ ಒಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. 1993ರ ಜೂನ್‌ನಲ್ಲಿ ಆ ಹೆಸರಿನ ಅಡಿಯಲ್ಲಿ ಇದ್ದ ಸಿಸ್ಟಮ್ ಬೇರೆ, ಇವತ್ತಿನ ಫ್ರೀಬಿಎಸ್‌ಡಿ ನಿಂತಿರುವ ಬುಡ ಬೇರೆ. ಹೆಸರಿಟ್ಟು ಒಂದು ವರ್ಷ ಕಳೆದ ಮೇಲೆ ಬುಡವನ್ನೇ ತೆಗೆದು ಹೊಸದನ್ನು ಹಾಕಬೇಕಾಯಿತು. ಹಾಗಾದರೆ ಪ್ರತಿ ಜೂನ್‌ನಲ್ಲಿ ನಾವು ಆಚರಿಸುವುದು ಯಾವುದರ ಹುಟ್ಟುಹಬ್ಬ?

ಕೋಡ್ ಯಾರದು ಅನ್ನುವ ಜಗಳದ ಬೇರು

ಫ್ರೀಬಿಎಸ್‌ಡಿಯ ಬೇರು ಯುನಿಕ್ಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮಿನಲ್ಲಿದೆ. ಅದು ಹುಟ್ಟಿದ್ದು 1969ರಲ್ಲಿ, ಎಟಿ ಅಂಡ್ ಟಿ ಕಂಪನಿಯ ಬೆಲ್ ಲ್ಯಾಬ್ಸ್‌ನಲ್ಲಿ, ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಅವರ ಕೈಯಲ್ಲಿ. ಎಟಿ ಅಂಡ್ ಟಿ ಆಗ ಟೆಲಿಫೋನ್ ಕಂಪನಿ. ಅಮೆರಿಕ ಸರ್ಕಾರದ ಜೊತೆ 1956ರಲ್ಲಿ ಆಗಿದ್ದ ಒಂದು ಕಾನೂನು ಒಪ್ಪಂದದಿಂದಾಗಿ ಅದು ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವ ಹಾಗಿರಲಿಲ್ಲ. ಹಾಗಾಗಿ ಯುನಿಕ್ಸನ್ನು ವಿಶ್ವವಿದ್ಯಾಲಯಗಳಿಗೆ ಕಡಿಮೆ ಬೆಲೆಗೆ, ಸೋರ್ಸ್ ಕೋಡ್ (ಪ್ರೋಗ್ರಾಮರುಗಳು ಬರೆದ ಮೂಲ ಸಾಲುಗಳು) ಸಮೇತ ಕೊಡುತ್ತಿತ್ತು. ಹಾಗೆ ಪಡೆದವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಕ್ಯಾಂಪಸ್ ಕೂಡ ಒಂದು.

ಬರ್ಕ್ಲಿಯವರು ಸುಮ್ನೆ ಬಳಸುತ್ತಾ ಕೂರಲಿಲ್ಲ. ಬಿಲ್ ಜಾಯ್ ಎಂಬ ವಿದ್ಯಾರ್ಥಿ 1978ರಲ್ಲಿ ತಮ್ಮ ತಿದ್ದುಪಡಿಗಳನ್ನೆಲ್ಲ ಒಟ್ಟುಮಾಡಿ ಟೇಪಿನಲ್ಲಿ ಕಳಿಸಲು ಶುರು ಮಾಡಿದರು. ಅದೇ ಬರ್ಕ್ಲಿ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್, ಅಂದರೆ ಬಿಎಸ್‌ಡಿ. ಆ ಬೂಟ್ ಸಾಲಿನ ಇಸವಿಗಳನ್ನು ಈಗ ಈ ಕಥೆಯ ಪಕ್ಕ ಇಟ್ಟು ನೋಡಿ. 1979ರ ಕೊನೆಗೆ 3ಬಿಎಸ್‌ಡಿ, 1980ರಲ್ಲಿ 4ಬಿಎಸ್‌ಡಿ, 1983ರಲ್ಲಿ ಇಂಟರ್ನೆಟ್ಟಿನ ಟಿಸಿಪಿ/ಐಪಿ ಸೇರಿಕೊಂಡ 4.2ಬಿಎಸ್‌ಡಿ, 1986ರಲ್ಲಿ 4.3. ಒಂದೊಂದು ಇಸವಿಯೂ ಒಂದೊಂದು ಟೇಪಿನ ಗುರುತಿನ ಹಾಗೆ ಕಾಣುತ್ತದೆ.

ಈ ಟೇಪುಗಳಿಗೆ ಒಂದು ತೊಡಕಿತ್ತು. ಅದರಲ್ಲಿ ಎಟಿ ಅಂಡ್ ಟಿಯ ಕೋಡ್ ಬೆರೆತಿತ್ತು. ಹಾಗಾಗಿ ಬಿಎಸ್‌ಡಿ ಬೇಕಾದವರು ಮೊದಲು ಎಟಿ ಅಂಡ್ ಟಿಯಿಂದ ಲೈಸೆನ್ಸ್ ತಗೊಳ್ಳಬೇಕು. 1984ರಲ್ಲಿ ಎಟಿ ಅಂಡ್ ಟಿ ಒಡೆದು ಹಂಚಿಹೋಯಿತು, ಕಂಪ್ಯೂಟರ್ ವ್ಯಾಪಾರದ ಬಾಗಿಲೂ ಅದಕ್ಕೆ ತೆರೆಯಿತು. ಲೈಸೆನ್ಸಿನ ಬೆಲೆ ಏರುತ್ತಾ ಹೋಯಿತು. ಬರೀ ನೆಟ್‌ವರ್ಕ್ ಭಾಗ ಬೇಕು ಅನ್ನುತ್ತಿದ್ದ ಸಣ್ಣ ಕಂಪನಿಗಳಿಗೆ ಅದು ಭಾರವಾಯಿತು. ನೆಟ್‌ವರ್ಕ್ ಕೋಡ್ ಅಂತೂ ಬರ್ಕ್ಲಿಯದೇ, ಎಟಿ ಅಂಡ್ ಟಿಯ ಯುನಿಕ್ಸಿನಲ್ಲಿ ಅದು ಇರಲೇ ಇಲ್ಲ. ಅದನ್ನಷ್ಟೇ ಬಿಡಿಸಿ ಕೊಡಿ ಅಂತ ಕೇಳಿದರು. 1989ರ ಜೂನ್‌ನಲ್ಲಿ ಬರ್ಕ್ಲಿ ಅದನ್ನು ಬಿಡುಗಡೆ ಮಾಡಿತು. ಟೇಪಿಗೆ 1000 ಡಾಲರ್. ಕೊಂಡವರು ಅದನ್ನು ಯಾರಿಗೆ ಬೇಕಾದರೂ ಕೊಡಬಹುದು, ತಿದ್ದಬಹುದು, ಮಾರಬಹುದು. ಬರ್ಕ್ಲಿಯ ಹೆಸರು ಅಳಿಸಬಾರದು, ಸಲ್ಲಬೇಕಾದ ಕಡೆ ಬರ್ಕ್ಲಿಗೆ ಮನ್ನಣೆ ಕೊಡಬೇಕು. ಷರತ್ತು ಹೆಚ್ಚುಕಡಿಮೆ ಅಷ್ಟೇ.

ಆಮೇಲೆ ಬರ್ಕ್ಲಿ ತಂಡದ ಕೀತ್ ಬೋಸ್ಟಿಕ್ ಒಂದು ಮಾತು ತೆಗೆದರು. ಎಟಿ ಅಂಡ್ ಟಿಯ ಕೋಡ್ ಇರುವ ಉಳಿದ ಪ್ರೋಗ್ರಾಮುಗಳನ್ನೂ ಹೊಸದಾಗಿ ಬರೆದುಬಿಟ್ಟರೆ? ಯುನಿಕ್ಸಿನ ನೂರಾರು ಸಣ್ಣ ಪ್ರೋಗ್ರಾಮುಗಳು, ಸಿ ಲೈಬ್ರರಿ, ಎಲ್ಲ. ಒಂದು ಪುಟ್ಟ ತಂಡದಿಂದ ಆಗುವ ಕೆಲಸವಲ್ಲ. ಬೋಸ್ಟಿಕ್ ಹೊರಗಿನ ಜನರನ್ನು ಕೇಳಿದರು. ಈ ಪ್ರೋಗ್ರಾಮ್ ಏನು ಮಾಡುತ್ತದೆ ಅನ್ನುವ ವಿವರಣೆ ಓದಿ, ಹಳೆಯ ಕೋಡ್ ನೋಡದೆ ಬರೆದುಕೊಡಿ. ದುಡ್ಡು ಇಲ್ಲ. ಬರೆದವರ ಹೆಸರು ಪಟ್ಟಿಯಲ್ಲಿ ಆ ಪ್ರೋಗ್ರಾಮಿನ ಪಕ್ಕ ಬರುತ್ತದೆ. ಸುಮಾರು 18 ತಿಂಗಳಲ್ಲಿ ಮುಖ್ಯವಾದದ್ದೆಲ್ಲ ಹೊಸದಾಗಿ ಬಂದಿತ್ತು! ಇಂಟರ್ನೆಟ್ ಇನ್ನೂ ಕೆಲವೇ ಜನರ ಕೈಯಲ್ಲಿದ್ದ ಕಾಲ ಅದು. ಬರೀ ಹೆಸರಿಗಾಗಿ, ಒಬ್ಬರನ್ನೊಬ್ಬರು ನೋಡದ ಜನ ಇಷ್ಟು ಮಾಡಿದರು ಅಂದರೆ ನನಗೆ ಇವತ್ತಿಗೂ ಅಚ್ಚರಿ.

ಕರ್ನಲ್ ಕೆಲಸವನ್ನು ಬೋಸ್ಟಿಕ್ ಜೊತೆ ಮೈಕ್ ಕ್ಯಾರೆಲ್ಸ್ ಮತ್ತು ಕರ್ಕ್ ಮ್ಯಾಕ್ಯೂಸಿಕ್ ಹಿಡಿದರು. ಫೈಲಿನ ಮೇಲೆ ಫೈಲ್ ತೆಗೆದು, ಎಟಿ ಅಂಡ್ ಟಿಯಿಂದ ಬಂದ ಸಾಲುಗಳನ್ನು ಆರಿಸಿ ತೆಗೆದರು. ಕೊನೆಗೆ 6 ಫೈಲುಗಳು ಮಾತ್ರ ಬಗ್ಗಲಿಲ್ಲ. ಅವನ್ನು ಬಿಟ್ಟು ಉಳಿದದ್ದನ್ನು 1991ರ ಜೂನ್‌ನಲ್ಲಿ ಹೊರಗೆ ತಂದರು. ಇದನ್ನು ನೆಟ್/2 ಅಂತ ಕರೆಯುತ್ತಾರೆ. ನಮ್ಮ ಪ್ರಕರಣದ ಗಂಟು ಇಲ್ಲೇ ಇದೆ.

ಎರಡು ದಾರಿ, ಒಂದು ಕೇಸು

ಆ 6 ಫೈಲುಗಳ ಜಾಗವನ್ನು ಬಿಲ್ ಜಾಲಿಟ್ಸ್ ತುಂಬಿದರು. ಮನೆಯಲ್ಲಿ ಇಟ್ಟುಕೊಳ್ಳಬಹುದಾದ ಇಂಟೆಲ್ 386 ಪಿಸಿ ಮೇಲೆ ಓಡುವ ಹಾಗೆ ಇಡೀ ಸಿಸ್ಟಮನ್ನು ಕೂಡಿಸಿ, 386ಬಿಎಸ್‌ಡಿ ಎಂಬ ಹೆಸರಿನಲ್ಲಿ 1992ರಲ್ಲಿ ಉಚಿತವಾಗಿ ಕೊಟ್ಟರು. ಅದೇ ನೆಟ್/2 ಮೇಲೆ ಇನ್ನೊಂದು ಗುಂಪು ಬಿಎಸ್‌ಡಿಐ ಎಂಬ ಕಂಪನಿ ಮಾಡಿ, 1992ರ ಜನವರಿಯಿಂದ ಸೋರ್ಸ್ ಕೋಡ್ ಸಮೇತ 995 ಡಾಲರಿಗೆ ಮಾರಲು ಹೊರಟಿತು. ಎಟಿ ಅಂಡ್ ಟಿ ಮಾರುತ್ತಿದ್ದ ಯುನಿಕ್ಸ್ ಆವೃತ್ತಿ ಸಿಸ್ಟಮ್ ಫೈವ್ ಬೆಲೆಗೆ ಹೋಲಿಸಿದರೆ 99 ಶೇಕಡ ಕಡಿಮೆ ಅಂತ ಜಾಹೀರಾತು. ಕರೆ ಮಾಡಬೇಕಾದ ನಂಬರಿನ ಅಕ್ಷರಗಳನ್ನು ಓದಿದರೆ ‘ಇದು ಯುನಿಕ್ಸ್’ ಅಂತ ಆಗುತ್ತಿತ್ತು.

ಎಟಿ ಅಂಡ್ ಟಿಯ ಪರವಾಗಿ ಯುನಿಕ್ಸ್ ನೋಡಿಕೊಳ್ಳುತ್ತಿದ್ದ ಯುನಿಕ್ಸ್ ಸಿಸ್ಟಮ್ ಲ್ಯಾಬೊರೇಟರೀಸ್, ಅಂದರೆ ಯುಎಸ್‌ಎಲ್, ಸುಮ್ಮನಿರಲಿಲ್ಲ. ಫೋನ್ ನಂಬರ್ ಬದಲಾಯಿಸಿದರೂ ಸಮಾಧಾನವಾಗಲಿಲ್ಲ. 1992ರಲ್ಲಿ ನ್ಯೂಜೆರ್ಸಿಯ ಫೆಡರಲ್ ಕೋರ್ಟಿನಲ್ಲಿ ಬಿಎಸ್‌ಡಿಐ ಮೇಲೆ ಕೇಸು ಹಾಕಿತು. ಬಿಎಸ್‌ಡಿಐ ಕೊಟ್ಟ ಉತ್ತರ ಸರಳ: ವಿಶ್ವವಿದ್ಯಾಲಯ ಎಲ್ಲರಿಗೂ ಕೊಡುತ್ತಿರುವ ಕೋಡನ್ನು ನಾವು ತಗೊಂಡಿದ್ದೇವೆ, ಅದರ ಮೇಲೆ 6 ಫೈಲ್ ನಾವು ಬರೆದಿದ್ದೇವೆ, ಬೇಕಾದರೆ ಆ 6 ಫೈಲುಗಳ ಬಗ್ಗೆ ಮಾತಾಡೋಣ. ನ್ಯಾಯಾಧೀಶರಿಗೂ ಅದು ಸರಿ ಅನ್ನಿಸಿತು. ಬರೀ 6 ಫೈಲುಗಳ ಮೇಲೆ ಕೇಸು ನಿಲ್ಲುವುದಿಲ್ಲ ಅಂತ ಯುಎಸ್‌ಎಲ್‌ಗೆ ಗೊತ್ತಿತ್ತು. ಆಗ ಅದು ವಿಶ್ವವಿದ್ಯಾಲಯವನ್ನೂ ಎಳೆದು ತಂದಿತು. ನೆಟ್/2 ಹಂಚುವುದನ್ನೇ ನಿಲ್ಲಿಸಿ ಅಂತ ಬೇಡಿಕೆ.

1993ರ ಮಾರ್ಚ್‌ನಲ್ಲಿ ನ್ಯಾಯಾಧೀಶ ಡಿಕಿನ್ಸನ್ ಡೆಬೆವಾಯ್ಸ್ ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. ಎಟಿ ಅಂಡ್ ಟಿ ತನ್ನ ಹಳೆಯ 32ವಿ ಯುನಿಕ್ಸನ್ನು ಕಾಪಿರೈಟ್ ಸೂಚನೆ ಹಾಕದೆಯೇ ಹಂಚಿತ್ತು. ಅಂದಿನ ಅಮೆರಿಕದ ಕಾನೂನಿನಲ್ಲಿ ಅದು ದೊಡ್ಡ ತಪ್ಪು, ಹಕ್ಕೇ ಕೈಬಿಟ್ಟು ಹೋಗಬಹುದು. ಹಾಗೆ ಹೋಗಿರುವ ಸಾಧ್ಯತೆ ಜಾಸ್ತಿ ಎಂದು ಅವರು ಕಂಡರು. ಆಮೇಲೆ ವಿಶ್ವವಿದ್ಯಾಲಯವೇ ತಿರುಗಿ ಯುಎಸ್‌ಎಲ್ ಮೇಲೆ ಕ್ಯಾಲಿಫೋರ್ನಿಯಾದ ಕೋರ್ಟಿನಲ್ಲಿ ಕೇಸು ಹಾಕಿತು. ನಮ್ಮ ಕೋಡ್ ತಗೊಂಡು ಸಿಸ್ಟಮ್ ಫೈವ್‌ಗೆ ಸೇರಿಸಿದ್ದೀರಿ, ಲೈಸೆನ್ಸ್ ಕೇಳಿದ ಹಾಗೆ ಬರ್ಕ್ಲಿಯ ಹೆಸರು ಹಾಕಿಲ್ಲ ಅಂತ. ಇದು ನ್ಯಾಯವಾದ ದೂರು ಅಂತ ನನ್ನ ಅನಿಸಿಕೆ. ಹೆಸರು ಉಳಿಸಿ ಅನ್ನುವ ಒಂದು ಸಣ್ಣ ಮಾತನ್ನೂ ಪಾಲಿಸದವರು ಇನ್ನೊಬ್ಬರ ಮೇಲೆ ಕಳ್ಳತನದ ಆರೋಪ ಹೊರಿಸಿದ್ದರು.

ಈ ಜಗಳದ ನಡುವೆ ಹುಟ್ಟಿದ ಹೆಸರು

ಕೋರ್ಟಿನಲ್ಲಿ ಇದೆಲ್ಲ ನಡೆಯುತ್ತಿದ್ದಾಗ 386ಬಿಎಸ್‌ಡಿ ಬಳಸುವವರಿಗೆ ಬೇರೆಯೇ ತಲೆನೋವು. ಸಿಸ್ಟಮ್ ಒಳ್ಳೆಯದು, ಆದರೆ ತಪ್ಪುಗಳು ಸಾಲುಸಾಲು. ಜಾಲಿಟ್ಸ್ ಕಡೆಯಿಂದ ಹೊಸ ಬಿಡುಗಡೆ ಬರಲಿಲ್ಲ. ಬಳಕೆದಾರರೇ ತಿದ್ದುಪಡಿಗಳನ್ನು ಒಟ್ಟುಮಾಡಿ ‘ಪ್ಯಾಚ್‌ಕಿಟ್’ ಅಂತ ಹಂಚತೊಡಗಿದರು. ಅದನ್ನು ನೋಡಿಕೊಳ್ಳುತ್ತಿದ್ದವರು ನೇಟ್ ವಿಲಿಯಮ್ಸ್, ರಾಡ್ ಗ್ರೈಮ್ಸ್ ಮತ್ತು ಜೋರ್ಡನ್ ಹಬ್ಬರ್ಡ್. ಪ್ಯಾಚ್ ಮೇಲೆ ಪ್ಯಾಚ್ ಹಾಕುತ್ತಾ ಹೋಗಿ ಕೊನೆಗೆ ಅದನ್ನು ಹೊತ್ತು ಸಾಗುವುದೇ ಕಷ್ಟವಾಯಿತು. ಒಂದು ಸ್ವಚ್ಛವಾದ ಮಧ್ಯಂತರ ಬಿಡುಗಡೆ ಮಾಡಿ ಜಾಲಿಟ್ಸ್‌ಗೆ ನೆರವಾಗೋಣ ಅಂತ ಹೊರಟರು. ಅದಕ್ಕೆ ಇಟ್ಟುಕೊಂಡಿದ್ದ ಹೆಸರು ‘386ಬಿಎಸ್‌ಡಿ 0.5’. ನಡುವೆ ಜಾಲಿಟ್ಸ್ ತಮ್ಮ ಒಪ್ಪಿಗೆ ವಾಪಸ್ ತಗೊಂಡರು.

ಅಲ್ಲಿಗೆ ಕೈಬಿಡಬಹುದಿತ್ತು. ಬಿಡಲಿಲ್ಲ. ಡೇವಿಡ್ ಗ್ರೀನ್‌ಮನ್ ಹೊಸ ಹೆಸರು ಸೂಚಿಸಿದರು: ಫ್ರೀಬಿಎಸ್‌ಡಿ. 1993ರ ಜೂನ್ 19 ಅಂದರೆ ಆ ದಿನ. ಅದೇ ಕೋಡಿನಿಂದ ಕವಲೊಡೆದ ಇನ್ನೊಂದು ಗುಂಪು ಅದೇ ವರ್ಷ ನೆಟ್‌ಬಿಎಸ್‌ಡಿ ಶುರು ಮಾಡಿತ್ತು.

ಇಂಟರ್ನೆಟ್ ಸರಿಯಾಗಿ ಇಲ್ಲದವರಿಗೆ ಸಿಸ್ಟಮ್ ತಲುಪಿಸುವುದು ಹೇಗೆ? ಹಬ್ಬರ್ಡ್ ಹೋಗಿ ವಾಲ್‌ನಟ್ ಕ್ರೀಕ್ ಸಿಡಿರಾಮ್ ಎಂಬ ಕಂಪನಿಯನ್ನು ಕೇಳಿದರು. ಅವರು ಸಿಡಿ ಹಂಚಲು ಒಪ್ಪಿದ್ದಷ್ಟೇ ಅಲ್ಲ, ಕೆಲಸ ಮಾಡಲು ಒಂದು ಮಷೀನ್ ಮತ್ತು ವೇಗದ ಇಂಟರ್ನೆಟ್ ಲೈನ್ ಕೂಡ ಕೊಟ್ಟರು. ಹೆಸರೇ ಕೇಳಿರದ ಒಂದು ಪ್ರಾಜೆಕ್ಟಿಗೆ! 1993ರ ಕೊನೆಗೆ ಫ್ರೀಬಿಎಸ್‌ಡಿ 1.0 ಬಂತು. 1994ರ ಮೇ ತಿಂಗಳಲ್ಲಿ 1.1 ಬಂತು. ಬಳಸುವವರು ಹೆಚ್ಚುತ್ತಿದ್ದರು. ಎಲ್ಲದರ ಬುಡದಲ್ಲಿ ಇದ್ದದ್ದು ಮಾತ್ರ ಅದೇ ನೆಟ್/2.

ರಾಜಿ ಮತ್ತು ಗಡುವು

1993ರಲ್ಲಿ ಎಟಿ ಅಂಡ್ ಟಿ ಯುಎಸ್‌ಎಲ್ ಅನ್ನು ನೊವೆಲ್ ಕಂಪನಿಗೆ ಮಾರಿಬಿಟ್ಟಿತು. ನೊವೆಲ್ ಮುಖ್ಯಸ್ಥ ರೇ ನೂರ್ಡಾ ಅವರಿಗೆ ಕೋರ್ಟಿನಲ್ಲಿ ಹೊಡೆದಾಡುವುದಕ್ಕಿಂತ ಮಾರುಕಟ್ಟೆಯಲ್ಲಿ ಪೈಪೋಟಿ ಮಾಡುವುದು ಮೇಲು ಅನ್ನಿಸಿತ್ತು. ಮಾತುಕತೆ ನಡೆದು 1994ರ ಶುರುವಿನಲ್ಲಿ ರಾಜಿ ಆಯಿತು. ರಾಜಿಯ ಪತ್ರ ಗುಟ್ಟಾಗಿಯೇ ಉಳಿಯಿತು. 2004ರವರೆಗೆ ಅದರಲ್ಲಿ ಏನು ಬರೆದಿದೆ ಅಂತ ಹೊರಗಿನವರು ನೋಡಲಿಲ್ಲ.

ಲೆಕ್ಕದಲ್ಲಿ ನೋಡಿದರೆ ರಾಜಿ ಬಹಳ ಸಣ್ಣದು. ನೆಟ್/2ರಲ್ಲಿ ಇದ್ದ ಸುಮಾರು 18,000 ಫೈಲುಗಳಲ್ಲಿ ತೆಗೆಯಬೇಕಾದದ್ದು 3. ಇನ್ನು ಕೆಲವಕ್ಕೆ ಚಿಕ್ಕಪುಟ್ಟ ಬದಲಾವಣೆ. ಸುಮಾರು 70 ಫೈಲುಗಳ ತಲೆಯಲ್ಲಿ ಯುಎಸ್‌ಎಲ್ ಕಾಪಿರೈಟ್ ಸಾಲು ಸೇರಿಸಬೇಕು, ಆದರೆ ಅವನ್ನು ಮೊದಲಿನ ಹಾಗೇ ಹಂಚಬಹುದು. ಎರಡು ವರ್ಷದ ಕೋರ್ಟು, ಲಾಯರು, ಅನುಮಾನ, ಎಲ್ಲ ಕಳೆದು ಸಿಕ್ಕಿದ್ದು ಇಷ್ಟು.

ಫ್ರೀಬಿಎಸ್‌ಡಿ ಪಾಲಿಗೆ ಮಾತ್ರ ಅದು ಸಣ್ಣದಾಗಿರಲಿಲ್ಲ. ಬರ್ಕ್ಲಿಯವರು ತಿದ್ದಿ ಕೊಡುವ ಹೊಸ ಬಿಡುಗಡೆ 4.4ಬಿಎಸ್‌ಡಿ-ಲೈಟ್ ಮೇಲೆ ಯಾರೂ ಕೇಸು ಹಾಕುವುದಿಲ್ಲ, ಆದರೆ ನೆಟ್/2 ಬಳಸುವವರು ಅದಕ್ಕೆ ಬದಲಾಗಬೇಕು ಅನ್ನುವುದು ರಾಜಿಯ ಫಲ. ಫ್ರೀಬಿಎಸ್‌ಡಿಗೆ 1994ರ ಜುಲೈ ಕೊನೆಯವರೆಗೆ ಗಡುವು ಸಿಕ್ಕಿತು. ಅಷ್ಟರೊಳಗೆ ಕೊನೆಯ ಒಂದು ಬಿಡುಗಡೆ ಮಾಡಬಹುದು. ಆಮೇಲೆ ನೆಟ್/2 ಆಧಾರದ ಸಿಸ್ಟಮ್ ಹಂಚುವ ಹಾಗಿಲ್ಲ.

3 ಫೈಲ್ ತೆಗೆಯುವುದಾದರೆ ಅದನ್ನೇ ತೆಗೆದು ಮುಂದುವರಿಯಬಹುದಿತ್ತಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ತೊಡಕು ಇರುವುದು ಅಲ್ಲೇ. ಪರವಾನಗಿ ಸಿಕ್ಕಿದ್ದು ಒಂದು ನಿರ್ದಿಷ್ಟ ಬಿಡುಗಡೆಗೆ. ಕಾನೂನಿನ ರಕ್ಷಣೆ ಬೇಕಾದರೆ ಆ ಬುಡದಿಂದಲೇ ಹೊರಡಬೇಕು. ಸ್ವಂತ ಲಾಯರ್ ಇಲ್ಲದ, ಸ್ವಂತ ದುಡ್ಡಿಲ್ಲದ ಒಂದು ಗುಂಪು ಇನ್ನೊಂದು ಕೇಸನ್ನು ಮೈಮೇಲೆ ಎಳೆದುಕೊಳ್ಳುವುದು ಆಗದ ಮಾತು.

ಆ ನಾಲ್ಕು ತಿಂಗಳು

ಕೊನೆಯ ಬಿಡುಗಡೆಗೆ ಅವರು ಕೊಟ್ಟ ನಂಬರ್ 1.1.5.1. ಜುಲೈನಲ್ಲಿ ಬಂತು. ನನ್ನ ಮಟ್ಟಿಗೆ ಇದು ಈ ಪ್ರಕರಣದ ಜಾಣ ನಡೆ. ಬಿಟ್ಟುಕೊಡಬೇಕಾದ ಕೋಡಿಗೆ ಇನ್ನೇಕೆ ದುಡಿಯಬೇಕು ಅಂತ ಸುಮ್ಮನಾಗಬಹುದಿತ್ತು. ಬದಲಿಗೆ ಆವರೆಗಿನ ತಿದ್ದುಪಡಿಗಳನ್ನೆಲ್ಲ ಹಾಕಿ, ಗಟ್ಟಿಯಾದ ಒಂದು ಸಿಸ್ಟಮನ್ನು ಬಳಕೆದಾರರ ಕೈಗಿಟ್ಟರು. ಮುಂದೆ ಏನಾಗುತ್ತದೋ ಗೊತ್ತಿಲ್ಲ, ಅಲ್ಲಿವರೆಗೆ ಇದನ್ನು ಓಡಿಸಿಕೊಂಡಿರಿ ಅನ್ನುವ ಹಾಗೆ. ಹೊಸದು ತಯಾರಾಗುವ ತನಕ ಬಳಕೆದಾರರು ಬೇರೆ ಕಡೆ ಹೊರಡದೆ ಕಾಯಲು ಇದೊಂದು ಆಸರೆ ಸಿಕ್ಕಿತು.

ಇತ್ತ ಕೈಗೆ ಬಂದ 4.4ಬಿಎಸ್‌ಡಿ-ಲೈಟ್ ಹೆಸರಿಗೆ ತಕ್ಕ ಹಾಗೆ ಹಗುರವಾಗಿತ್ತು. ಕಾನೂನಿನ ಕಾರಣಕ್ಕೆ ಬರ್ಕ್ಲಿಯವರು ಕೆಲವು ಭಾಗಗಳನ್ನು ಕಿತ್ತು ತೆಗೆದಿದ್ದರು. ಅವಿಲ್ಲದೆ ಸಿಸ್ಟಮ್ ಬೂಟ್ ಆಗುವುದೇ ಇಲ್ಲ. ಇಂಟೆಲ್ ಯಂತ್ರಗಳಿಗೆ ಬೇಕಾದ ಭಾಗವಂತೂ ಬಹಳ ಅರೆಬರೆ. ಅಂದರೆ ಗೋಡೆಗಳಿವೆ, ಬಾಗಿಲಿಲ್ಲ, ಮೆಟ್ಟಿಲಿಲ್ಲ. ಫ್ರೀಬಿಎಸ್‌ಡಿ ಜನ ಒಂದು ಕಡೆ ತಾವು ಒಂದು ವರ್ಷದಲ್ಲಿ ಬರೆದ ಕೋಡನ್ನು ಹಳೆಯ ಮನೆಯಿಂದ ಬಿಡಿಸಿ ತರಬೇಕು. ಇನ್ನೊಂದು ಕಡೆ ಇಲ್ಲದ ಭಾಗಗಳನ್ನು ಹೊಸದಾಗಿ ಬರೆಯಬೇಕು.

ಆ ಕೆಲಸದ ಗುರುತು ಇವತ್ತಿಗೂ ಸೋರ್ಸಿನಲ್ಲಿದೆ. ಕರ್ನಲ್ ಫೋಲ್ಡರಿನಲ್ಲಿ ಒಂದು ಪ್ರೋಗ್ರಾಮನ್ನು ಎತ್ತಿ ಓಡಿಸುವ ಕೋಡಿನ ಫೈಲ್ ತೆರೆಯಿರಿ. ತಲೆಯಲ್ಲಿ ಡೇವಿಡ್ ಗ್ರೀನ್‌ಮನ್ ಹೆಸರು, ಇಸವಿ 1993. ಪ್ರಾಜೆಕ್ಟಿಗೆ ಹೆಸರಿಟ್ಟವರೇ ಅವರು. ಡಿಸ್ಕಿನಿಂದ ಓದಿದ್ದನ್ನು ಮೆಮೊರಿಯಲ್ಲಿ ಹಿಡಿದಿಡುವ ಬಫರ್ ಕೋಡಿನ ಫೈಲ್ ತೆರೆದರೆ ಜಾನ್ ಡೈಸನ್ ಹೆಸರು, ಇಸವಿ 1994ರಿಂದ ಶುರು. ಹೊಸ ಪ್ರೋಗ್ರಾಮ್ ಕವಲೊಡೆಸುವ ಫೈಲಿನಲ್ಲಿ, ಅದನ್ನು ಮುಗಿಸುವ ಫೈಲಿನಲ್ಲಿ, ವಿಶ್ವವಿದ್ಯಾಲಯದ ಸಾಲಿನ ಕೆಳಗೆ ಯುನಿಕ್ಸ್ ಸಿಸ್ಟಮ್ ಲ್ಯಾಬೊರೇಟರೀಸ್‌ನ ಸಾಲು ಕೂತಿದೆ. ಆ 70 ಚಿಲ್ಲರೆ ಫೈಲುಗಳ ರಾಜಿಯ ಮಚ್ಚೆ ಅದು. ಯಾರು ಬೇಕಾದರೂ ಹೋಗಿ ಓದಬಹುದು.

ಇದೇ ನಡುವೆ ಇನ್ನೊಂದು ಸಂಗತಿ ನಡೆಯಿತು. ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು. ಹಂಚಲು ಕೈಯಲ್ಲಿ ಸಿಸ್ಟಮ್ ಇಲ್ಲ. ಹಳೆಯದರ ಗಡುವು ಮುಗಿದಿದೆ, ಹೊಸದು ಇನ್ನೂ ನಿಂತಿಲ್ಲ. ಅಂಥ ಹೊತ್ತಿನಲ್ಲಿ, 1994ರ ಆಗಸ್ಟ್ 21ರಂದು, ಜೋರ್ಡನ್ ಹಬ್ಬರ್ಡ್ ಪೋರ್ಟ್ಸ್ ಸಂಗ್ರಹದ ಮೊದಲ ತುಣುಕನ್ನು ಸೇರಿಸಿದರು. ಬೇರೆಯವರು ಬರೆದ ಪ್ರೋಗ್ರಾಮನ್ನು ತಂದು, ಫ್ರೀಬಿಎಸ್‌ಡಿಗೆ ಹೊಂದಿಸಿ, ಒಂದೇ ಆಜ್ಞೆಯಲ್ಲಿ ಹಾಕಿಕೊಳ್ಳುವ ವ್ಯವಸ್ಥೆ ಅದು. ಇವತ್ತು ಅದರಲ್ಲಿ ಹತ್ತಾರು ಸಾವಿರ ಪ್ರೋಗ್ರಾಮುಗಳಿವೆ. ಸಿಸ್ಟಮ್ ಉಳಿಯುತ್ತದೋ ಇಲ್ಲವೋ ಅನ್ನುವ ಅನುಮಾನ ಮನಸ್ಸಿನಲ್ಲಿದ್ದರೆ ಯಾರೂ ಅದರ ಮೇಲೆ ಸಾವಿರ ಪ್ರೋಗ್ರಾಮ್ ತಂದು ಕೂರಿಸುವ ಯೋಚನೆ ಮಾಡುವುದಿಲ್ಲ.

1994ರ ನವೆಂಬರ್‌ನಲ್ಲಿ ಫ್ರೀಬಿಎಸ್‌ಡಿ 2.0 ಹೊರಬಂತು. ಇದನ್ನು ಗೆಲುವು ಅಂತ ಕರೆದುಬಿಡುವುದು ಸುಲಭ. ಆದರೆ ನಿಜ ಹೇಳಬೇಕು, 2.0ರಲ್ಲಿ ಒರಟುತನ ಜಾಸ್ತಿ ಇತ್ತು. ಇನ್‌ಸ್ಟಾಲ್ ಮಾಡಲು ಸುಲಭವಾದ, ಗಟ್ಟಿಯಾದ ಸಿಸ್ಟಮ್ ಅಂತ ಬಂದದ್ದು 1995ರ ಜೂನ್‌ನಲ್ಲಿ, 2.0.5ರಲ್ಲಿ. ಅಂದರೆ ಹೆಸರು ಹುಟ್ಟಿ ಎರಡು ವರ್ಷವಾದ ಮೇಲೆ. ಅದೇ ತಿಂಗಳು ಬರ್ಕ್ಲಿಯ ತಂಡ ತನ್ನ ಕೊನೆಯ ಬಿಡುಗಡೆ 4.4ಬಿಎಸ್‌ಡಿ-ಲೈಟ್ ರಿಲೀಸ್ 2 ಕೊಟ್ಟು ಮುಚ್ಚಿಹೋಯಿತು. ಅಲ್ಲಿಂದ ಮುಂದೆ ಈ ಕೋಡನ್ನು ಸಾಕುವ ಭಾರ ಪೂರ್ತಿ ಇಂಥ ಗುಂಪುಗಳ ಮೇಲೆ ಬಿತ್ತು.

ಕಳೆದುಕೊಂಡದ್ದು

ಈ ಪ್ರಕರಣದ ಬಗ್ಗೆ ಮಾತು ಬಂದಾಗಲೆಲ್ಲ ಇನ್ನೊಂದು ಉಚಿತ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ಮಾತು ಬರುತ್ತದೆ. ಲಿನಸ್ ಟೊರ್ವಾಲ್ಡ್ಸ್ ತಮ್ಮ ಕರ್ನಲ್ ಬಗ್ಗೆ ಮೊದಲು ಹೇಳಿದ್ದು 1991ರ ಆಗಸ್ಟ್ 25ರಂದು. ಲಿನಕ್ಸ್ 1.0 ಬಂದದ್ದು 1994ರ ಮಾರ್ಚ್‌ನಲ್ಲಿ. ಅಂದರೆ ಬಿಎಸ್‌ಡಿ ಮೇಲೆ ಕೇಸಿನ ಮೋಡ ಕವಿದಿದ್ದ ಅವಧಿಯಲ್ಲೇ ಲಿನಕ್ಸ್ ಚಿಗುರಿತು. ತಾನು ಶುರು ಮಾಡಿದಾಗ 386ಬಿಎಸ್‌ಡಿ ಸಿಗುವಂತಿದ್ದರೆ ಲಿನಕ್ಸ್ ಬಹುಶಃ ಹುಟ್ಟುತ್ತಿರಲಿಲ್ಲ ಅಂತ ಟೊರ್ವಾಲ್ಡ್ಸ್ ಅವರೇ ಮುಂದೆ ಹೇಳಿದ್ದಾರೆ.

ಆದರೂ ಎಲ್ಲವನ್ನೂ ಕೇಸಿನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. ಲಿನಕ್ಸ್‌ಗೆ ತನ್ನದೇ ಬಲ ಇತ್ತು. ಬಂದವರನ್ನೆಲ್ಲ ಬೇಗ ಒಳಗೆ ಸೇರಿಸಿಕೊಳ್ಳುವ ರೀತಿ ಇತ್ತು. ಅಗ್ಗದ ಪಿಸಿಗಳ ತರಹೇವಾರಿ ಬಿಡಿಭಾಗಗಳಿಗೆ ಡ್ರೈವರ್, ಅಂದರೆ ಅವನ್ನು ಓಡಿಸುವ ಕೋಡ್, ಬರೆಯುವ ಹುರುಪಿತ್ತು. ಕೇಸು ಬಿಎಸ್‌ಡಿಯಿಂದ ಕಸಿದದ್ದು ಸಮಯ, ಅದರ ಜೊತೆ ಜನರ ನಂಬಿಕೆ. ಒಂದು ಕಂಪನಿಯವರು ತಮ್ಮ ಕೆಲಸಕ್ಕೆ ಆಪರೇಟಿಂಗ್ ಸಿಸ್ಟಮ್ ಆರಿಸುವಾಗ ‘ನಾಳೆ ಯಾರಾದರೂ ಕೋರ್ಟಿಗೆ ಎಳೆದರೆ?’ ಅನ್ನುವ ಒಂದು ಪ್ರಶ್ನೆ ಸಾಕು. ರಾಜಿ ಆದ ಮೇಲೂ ಅಂಥ ಅನುಮಾನ ಒಂದೇ ದಿನದಲ್ಲಿ ಹೋಗುವುದಿಲ್ಲ.

ಹೋದ ಸಮಯ ವಾಪಸ್ ಬರಲಿಲ್ಲ. ಆದರೆ 2.0 ಬುಡದ ಮೇಲೆ ಕಟ್ಟಿದ್ದು ದೂರ ಹೋಯಿತು. ತೊಂಬತ್ತರ ದಶಕದಲ್ಲಿ ವಾಲ್‌ನಟ್ ಕ್ರೀಕ್ ಕಂಪನಿಯ ಫೈಲ್ ಹಂಚುವ ಎಫ್‌ಟಿಪಿ ಸರ್ವರ್ ಜಗತ್ತಿನಲ್ಲೇ ಅತಿ ಹೆಚ್ಚು ಜನ ಬಂದುಹೋಗುವ ಡೌನ್‌ಲೋಡ್ ತಾಣಗಳಲ್ಲಿ ಒಂದು, ಓಡುತ್ತಿದ್ದದ್ದು ಫ್ರೀಬಿಎಸ್‌ಡಿ ಮೇಲೆ. ಯಾಹೂ ಅದರ ಮೇಲೆ ಬೆಳೆಯಿತು. 2000ದಲ್ಲಿ ಬಂದ 4.0ರಲ್ಲಿ ‘ಜೈಲ್’ ಎಂಬ ಸೌಲಭ್ಯ ಬಂತು. ಒಂದೇ ಮಷೀನಿನೊಳಗೆ ಬೇರೆ ಬೇರೆ ಕೋಣೆ ಕಟ್ಟಿ ಪ್ರೋಗ್ರಾಮುಗಳನ್ನು ಕೂಡಿಹಾಕುವ ಉಪಾಯ ಅದು. ಇವತ್ತು ಎಲ್ಲರ ಬಾಯಲ್ಲಿ ಇರುವ ಕಂಟೇನರುಗಳಿಗೆ ಎಷ್ಟೋ ವರ್ಷ ಮುಂಚಿನ ಮಾತು. ನೆಟ್‌ಫ್ಲಿಕ್ಸ್ ವಿಡಿಯೋ ಹೊರಡುವ ಸರ್ವರುಗಳಲ್ಲಿ ಫ್ರೀಬಿಎಸ್‌ಡಿ ಇದೆ. ಪ್ಲೇಸ್ಟೇಷನ್ 4ರ ಒಳಗಿನ ಸಿಸ್ಟಮ್ ಇದರಿಂದ ಬಂದದ್ದು. ಆಪಲ್ ಕಂಪ್ಯೂಟರುಗಳ ಮ್ಯಾಕ್‌ಒಎಸ್‌ನಲ್ಲೂ ಇದರ ಕೋಡ್ ಸೇರಿದೆ.

ಯಾವ ದಿನಕ್ಕೆ ಹಬ್ಬ?

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಕೋಡಿನ ಲೆಕ್ಕ ಹಿಡಿದರೆ ಹುಟ್ಟುಹಬ್ಬ 1994ರ ನವೆಂಬರ್‌ಗೆ ಬೀಳಬೇಕು. ಇವತ್ತಿನ ಫ್ರೀಬಿಎಸ್‌ಡಿಯ ಬುಡ ಅಲ್ಲಿಂದ. ಬೂಟ್ ಪರದೆಯ ಪಟ್ಟಿ 1994ಕ್ಕೆ ನಿಂತದ್ದೂ ಆ 4.4ಬಿಎಸ್‌ಡಿ-ಲೈಟ್ ಬುಡದಿಂದಲೇ. ಇನ್ನೂ ಹಿಂದೆ ಹೋದರೆ 1978ರ ಬಿಲ್ ಜಾಯ್ ಟೇಪಿಗೂ ಹೋಗಬಹುದು. ಮೊದಮೊದಲು ನನಗೂ ನವೆಂಬರ್ ಸರಿ ಅನ್ನಿಸಿತ್ತು.

ಪ್ರಕರಣ ಪೂರ್ತಿ ಓದಿದ ಮೇಲೆ ಅಭಿಪ್ರಾಯ ಬದಲಾಯಿತು. 1993ರ ಜೂನ್ 19ರಂದು ಹುಟ್ಟಿದ್ದು ಕೋಡ್ ಅಲ್ಲ. ಕೋಡ್ ಆಗಲೇ ಇತ್ತು, ಅದು ಜಾಲಿಟ್ಸ್ ಅವರದು, ಬರ್ಕ್ಲಿಯದು. ಆ ದಿನ ಹುಟ್ಟಿದ್ದು ಒಂದು ಗುಂಪು. ಮೂಲ ಲೇಖಕರು ಒಪ್ಪಿಗೆ ವಾಪಸ್ ತಗೊಂಡರೂ ನಾವು ಇದನ್ನು ನೋಡಿಕೊಳ್ಳುತ್ತೇವೆ ಅಂದವರ ಗುಂಪು. ಒಂದು ವರ್ಷದ ನಂತರ ಕೋಡನ್ನೇ ಬಿಟ್ಟುಕೊಡಿ ಅಂದಾಗ ಬಿಟ್ಟುಕೊಟ್ಟರು. ಹೆಸರನ್ನೂ ಒಬ್ಬರನ್ನೊಬ್ಬರನ್ನೂ ಬಿಡಲಿಲ್ಲ. ನವೆಂಬರ್‌ನಲ್ಲಿ ಬಂದ ಸಿಸ್ಟಮ್‌ಗೆ 1.0 ಅನ್ನುವ ಬದಲು 2.0 ಅಂತ ನಂಬರ್ ಕೊಟ್ಟರು ನೋಡಿ, ನನಗೆ ಅದರಲ್ಲೇ ಉತ್ತರ ಕಾಣುತ್ತದೆ. ಬುಡ ಬದಲಾಗಿದೆ, ಆದರೂ ಇದು ಅದೇ ಫ್ರೀಬಿಎಸ್‌ಡಿ ಅಂತ ಅವರೇ ಎಣಿಸಿದ್ದರು.

ಹೊಸ ಆಪರೇಟಿಂಗ್ ಸಿಸ್ಟಮ್ ಆರಿಸುವವರು, ಓಪನ್ ಸೋರ್ಸ್ ಪ್ರಾಜೆಕ್ಟ್ ಶುರು ಮಾಡುವವರು ಕೋಡ್ ಎಷ್ಟು ಚೆನ್ನಾಗಿದೆ ಅಂತ ನೋಡುತ್ತಾರೆ. ನೋಡಬೇಕು ಕೂಡ. ಜೊತೆಗೆ ಇನ್ನೆರಡು ನೋಡಿ ಅಂತ ಈ ಪ್ರಕರಣ ಓದಿದ ಮೇಲೆ ನಾನು ಕೇಳಿಕೊಳ್ಳುತ್ತೇನೆ. ಪ್ರತಿ ಸಾಲನ್ನು ಯಾರು ಬರೆದರು, ಯಾವ ಲೈಸೆನ್ಸಿನ ಅಡಿ ಕೊಟ್ಟರು ಅನ್ನುವ ದಾಖಲೆ ಇದೆಯಾ? ಫ್ರೀಬಿಎಸ್‌ಡಿ ಜನ ತಮ್ಮದನ್ನು ಹಳೆಯ ಬುಡದಿಂದ ಬಿಡಿಸಿ ತರಲು ಸಾಧ್ಯವಾದದ್ದು ತಮ್ಮದು ಯಾವುದು, ಬೇರೆಯವರದು ಯಾವುದು ಅಂತ ಗೊತ್ತಿದ್ದರಿಂದ. ಇನ್ನೊಂದು, ನಾಳೆ ಈ ಕೋಡ್ ಕೈತಪ್ಪಿದರೆ ಮತ್ತೆ ಬರೆಯಲು ಕೂರುವವರು ಇದ್ದಾರಾ?

ಮೈಕ್ ಕ್ಯಾರೆಲ್ಸ್ 2024ರ ಜೂನ್‌ನಲ್ಲಿ ತೀರಿಕೊಂಡರು. ಬರ್ಕ್ಲಿಯಲ್ಲಿ ಎಟಿ ಅಂಡ್ ಟಿಯ ಸಾಲುಗಳನ್ನು ಒಂದೊಂದಾಗಿ ಆರಿಸಿ ತೆಗೆದ ಮೂವರಲ್ಲಿ ಒಬ್ಬರು. ಕೊನೆಯ ವರ್ಷಗಳಲ್ಲಿ ಅವರು ಫ್ರೀಬಿಎಸ್‌ಡಿಗೆ ಕೋಡ್ ಬರೆಯುತ್ತಿದ್ದರು. ಬೂಟ್ ಪರದೆಯ ಎರಡೂ ಸಾಲುಗಳಲ್ಲಿ, 1994ಕ್ಕೆ ನಿಂತ ಸಾಲಿನಲ್ಲೂ ಮುಂದೆ ಹೋಗುತ್ತಿರುವ ಸಾಲಿನಲ್ಲೂ, ಅವರ ಕೆಲಸ ಇದೆ.